ಬ್ರಷ್ ಒರೆಸುವ ಗೋಡೆ

ಮಾರ್ಚ್ 3, ಸೋಮವಾರ

ಬಣ್ಣದ ಕಂಪನಿಯವರು ವರ್ಷಕ್ಕೊಂದು ಡೈರಿ ಕೊಡುತ್ತಾರೆ. ಇಷ್ಟು ವರ್ಷ ಅದರಲ್ಲಿ ಗಿರಾಕಿಗಳ ಗೋಡೆಯ ಅಳತೆ ಬರೆದುಕೊಳ್ಳುತ್ತಿದ್ದೆ. ಈ ಸಲ ನನ್ನ ತಲೆಬಿಸಿ ಬರೆಯುತ್ತೇನೆ. ಅದನ್ನು ಕೇಳುವುದಕ್ಕೆ ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ, ಅಂಗಡಿಯಲ್ಲಿ ಯಾರಿಗೂ ಪುರಸೊತ್ತಿಲ್ಲ.

ವಿಷಯ ಇಷ್ಟು. ಇಪ್ಪತ್ತನಾಲ್ಕನೇ ತಾರೀಕು ಅಂಗಡಿಗೆ ಬಣ್ಣ ಬೆರೆಸುವ ಯಂತ್ರ ಬರುತ್ತದೆ. ಗಿರಾಕಿ ತಂದ ಗೋಡೆಯ ಚೂರನ್ನು ಅದರ ಕಣ್ಣಿಗೆ ಹಿಡಿದರೆ ಸಾಕು, ಅದೇ ಬಣ್ಣವನ್ನು ಬೆರೆಸಿ ಡಬ್ಬಿಗೆ ಸುರಿಯುತ್ತದೆ. ಅದನ್ನಿಡಲು ಏಳು ಅಡಿ ಒಣ ಗೋಡೆ ಬೇಕು, ಪಕ್ಕದಲ್ಲೊಂದು ಕರೆಂಟಿನ ಪಾಯಿಂಟು ಬೇಕು. ಅಂಗಡಿಯ ಹಿಂದಿನ ಕೋಣೆಯಲ್ಲಿ ತೇವವಿಲ್ಲದ ಗೋಡೆ ಇರುವುದು ಒಂದೇ. ಅದರ ಮೇಲೆ ನಮ್ಮಣ್ಣ ನಲವತ್ತು ವರ್ಷದಿಂದ ಬ್ರಷ್ ಒರೆಸಿದ್ದಾನೆ.

ಅಣ್ಣ ಬೋರ್ಡು ಬರೆಯುವವನು; ನಾನು ಅಂಗಡಿ ಇಡುವ ಮೊದಲೇ ಆ ಕೋಣೆ ಅವನ ಕೆಲಸದ ಜಾಗ. ಬರೆದು ಮುಗಿಸಿದ ಮೇಲೆ ಬ್ರಷ್ಷಿನಲ್ಲಿ ಉಳಿದ ಬಣ್ಣವನ್ನು ಆ ಗೋಡೆಗೆ ಎಳೆದು, ಆಮೇಲೆ ಸೀಮೆಎಣ್ಣೆಗೆ ಅದ್ದುವುದು ಅವನ ಪದ್ಧತಿ. ಎಳೆದೂ ಎಳೆದೂ ಬಣ್ಣ ಈಗ ಹೆಬ್ಬೆರಳಿನ ದಪ್ಪವಾಗಿದೆ. ಬೋರ್ಡುಗಳು ಅಚ್ಚಾಗಿ ಬರಲು ಶುರುವಾದ ಮೇಲೆ ಅವನಿಗೆ ಉಳಿದದ್ದು ಒಂದೇ ಕೆಲಸ: ಗಿರಾಕಿ ತಂದ ಚೂರಿಗೆ ಸರಿಯಾಗಿ ಕಣ್ಣಳತೆಯಲ್ಲಿ ಬಣ್ಣ ಬೆರೆಸುವುದು. ಹೌದು, ಯಂತ್ರ ಮಾಡುವುದೂ ಅದನ್ನೇ. ನನಗೇನು ಗೊತ್ತಿಲ್ಲವೇ? ಆದರೆ ಅವನಿಗೆ ಅರವತ್ತನಾಲ್ಕು. ಕೂತು ಆರಾಮಾಗಿರಲಿ ಎಂದೇ ಹೇಳಿದ್ದು.

"ಹಿಂದಿನ ಗೋಡೆ ಕೆರೆಸಬೇಕು ಅಣ್ಣ," ಎಂದೆ.

ಕಿಟಕಿಯ ಬೆಳಕಿಗೆ ಯಾವುದೋ ಚೂರು ಹಿಡಿದಿದ್ದ. ತಿರುಗಲಿಲ್ಲ. "ಕೆರೆಸು. ಯಾವತ್ತು ಬರುತ್ತೆ ಅದು?"

"ಇಪ್ಪತ್ತನಾಲ್ಕಕ್ಕೆ."

"ಅವತ್ತು ಬೆಳಿಗ್ಗೆ ನಾನು ತಂಗಿ ಮನೆಗೆ ಹೋಗ್ತೀನಿ."

"ಎಷ್ಟು ದಿನಕ್ಕೆ?"

"ಬಟ್ಟೆ ಎಲ್ಲಾ ತಗೊಂಡು ಹೋಗ್ತೀನಿ."

ಅಷ್ಟೇ. ಜಗಳವಾಡಿದರೆ ನಾನೂ ನಾಲ್ಕು ಮಾತು ಆಡಬಹುದು. ಈ ಮನುಷ್ಯ ಜಗಳಕ್ಕೂ ಬರುವುದಿಲ್ಲ. ಮದುವೆಯೂ ಆಗದೆ ಜೀವಮಾನವೆಲ್ಲ ನಮ್ಮ ಜೊತೆಗೇ ಇದ್ದವನು, ಒಂದು ಯಂತ್ರಕ್ಕೆ ಮುನಿದು ಗಂಟುಮೂಟೆ ಕಟ್ಟುತ್ತಾನಂತೆ.

ಏಣಿ ಹೊತ್ತು ಶುರುಮಾಡಿ ಈ ಅಂಗಡಿ ಇಟ್ಟವನು ನಾನು. ನನಗೆ ಹತ್ತೊಂಬತ್ತು ವರ್ಷವಿದ್ದಾಗ ಒಬ್ಬ ಹೆಡ್‌ಮಾಸ್ತರರ ಎದುರು "ಇವನಿಗೆ ಡಬ್ಬಿ ಮುಚ್ಚಳ ತೆಗೆಯೋಕೂ ಬರಲ್ಲ" ಎಂದಿದ್ದ ಅಣ್ಣ. ಮೂವತ್ತೇಳು ವರ್ಷವಾಯಿತು. ಮರೆತಿಲ್ಲ. ಈಗ ಆ ಮುಚ್ಚಳಗಳ ಅಂಗಡಿಯೇ ನನ್ನದು.

ಮಾರ್ಚ್ 5, ಬುಧವಾರ

ಮನೆಯಲ್ಲಿ ಎಲ್ಲರೂ ಅಣ್ಣನ ಪಕ್ಷ. ಇವಳು, ನನ್ನ ಹೆಂಡತಿಯಂತೂ, "ಯಂತ್ರ ತಂದು ಮನುಷ್ಯರನ್ನ ಕಳಿಸೋದು ಯಾವ ವ್ಯಾಪಾರ ರೀ?" ಎಂದಳು. ನಾನು ಯಾರನ್ನು ಕಳಿಸಿದೆ? ಅವನೇ ಹೊರಟಿದ್ದು. ಅದನ್ನು ಹೇಳಿದ್ದಕ್ಕೆ, "ಬಾಗಿಲು ತೆಗೆದಿಟ್ಟು, ಹೋಗು ಅನ್ನಲಿಲ್ಲ ಅಂತೀರಿ," ಎಂದಳು.

ಮಗಳು ಹಗಲು ಬ್ಯಾಂಕಿನಲ್ಲಿ, ಸಂಜೆ ನಾಟಕದ ತಂಡದಲ್ಲಿ. ಪರದೆಯ ಹಿಂದೆ ಸಾಮಾನು ಜೋಡಿಸುವ ಕೆಲಸ. ಈ ತಿಂಗಳು ಮೂರು ಶನಿವಾರ ಅವರ ಹೊಸ ನಾಟಕವಂತೆ. ಎರಡು ಪಾಸು ಕೊಟ್ಟಳು. "ಪೇಂಟರ್ ಬಗ್ಗೆ ಅಪ್ಪ. ನಿನಗೆ ಹಿಡಿಸುತ್ತೆ."

ದಿನವಿಡೀ ಪೇಂಟರುಗಳ ಜೊತೆ ಒದ್ದಾಡಿ ಸಂಜೆ ಇನ್ನೊಬ್ಬ ಪೇಂಟರನ್ನು ನೋಡುವುದಕ್ಕೆ ಹೋಗಬೇಕು.

ಮಾರ್ಚ್ 8, ಶನಿವಾರ

ಸರಿಯಾದ ಸಮಯಕ್ಕೆ ಇವಳಿಗೆ ಮಂಡಿ ನೋವು ಬಂತು. ಅಣ್ಣತಮ್ಮಂದಿರಿಬ್ಬರನ್ನೂ ಅಕ್ಕಪಕ್ಕ ಕೂರಿಸುವ ಹುನ್ನಾರ, ನನಗೆ ಗೊತ್ತಾಗದೇ ಇರುತ್ತದೆಯೇ? ಅಣ್ಣನ ಜೊತೆ ಹೋದೆ. ದಾರಿಯುದ್ದಕ್ಕೂ ಅವನು ಅಂಗಡಿಗಳ ಬೋರ್ಡು ನೋಡುತ್ತಿದ್ದ, ನಾನು ರಸ್ತೆ ನೋಡುತ್ತಿದ್ದೆ.

ನಾಟಕದ ಕಥೆ: ಒಬ್ಬ ಸಾಹುಕಾರ ತನ್ನ ಹಾಲಿಗೆ ದೊಡ್ಡದೊಂದು ಚಿತ್ರ ಬೇಕೆಂದು ಒಬ್ಬ ಚಿತ್ರಕಾರನಿಗೆ ಹೇಳಿದ್ದಾನೆ. ಚಿತ್ರಕಾರನ ಪಾತ್ರದವನಿಗೆ ಎದೆಯವರೆಗೆ ಗಡ್ಡ. ಅವನು ಚಿತ್ರ ಬರೆಯುವುದಿಲ್ಲ, ಮಾತಾಡುತ್ತಾನೆ. "ಕಲೆ" ಎಂಬ ಶಬ್ದ ನಲವತ್ಮೂರು ಸಲ ಬಂತು. ಬ್ರಷ್ಷು ಕ್ಯಾನ್ವಾಸಿಗೆ ತಾಗಿದ್ದು ಒಂಬತ್ತು ಸಲ. ಆಳೆತ್ತರದ ಆ ಕ್ಯಾನ್ವಾಸೋ, ನಮ್ಮ ಕಡೆಗೆ ಬೆನ್ನು ಹಾಕಿ ನಿಂತಿದೆ. ಎರಡು ಗಂಟೆ ನಾವು ನೋಡಿದ್ದು ನಾಲ್ಕು ಮರದ ಪಟ್ಟಿ, ಹದಿನಾರು ಮೊಳೆ. ಒಂದು ಮೊಳೆ ಸೊಟ್ಟ.

ನಡುವೆ ಒಂದೇ ಒಂದು ನ್ಯಾಯವಾದ ಮಾತು ಬಂತು. ಗಡ್ಡದವನು ಆಕಾಶಕ್ಕೆಂದು ಒಂದು ಬೂದು ಬಣ್ಣ ಬೆರೆಸುತ್ತಾನೆ, ಸರಿಯಿಲ್ಲ ಎಂದು ಚೆಲ್ಲುತ್ತಾನೆ, ಮತ್ತೆ ಬೆರೆಸುತ್ತಾನೆ. ಹೀಗೆ ಏಳು ಸಲ. ಸಾಹುಕಾರ ತಲೆ ಚಚ್ಚಿಕೊಂಡು, "ಅದಕ್ಕೂ ಇದಕ್ಕೂ ಏನಯ್ಯಾ ವ್ಯತ್ಯಾಸ? ಎರಡೂ ಬೂದಿ!" ಎನ್ನುತ್ತಾನೆ. ನಾನು ಚಪ್ಪಾಳೆ ತಟ್ಟಿದೆ. ಇಡೀ ಸಭಾಂಗಣದಲ್ಲಿ ನಾನೊಬ್ಬನೇ. ಪಕ್ಕದ ಪರದೆಯ ಸಂದಿನಿಂದ ಮಗಳ ಮುಖ ಕಾಣಿಸಿ ಮಾಯವಾಯಿತು.

ಕೊನೆಗೆ ಕ್ಯಾನ್ವಾಸು ತಿರುಗಿತು. ಏನಿತ್ತು? ತುದಿಯಿಂದ ತುದಿಗೆ ಬೂದು. ಮನೆಯಿಲ್ಲ, ಮರವಿಲ್ಲ, ಒಂದು ಕಾಗೆಯೂ ಇಲ್ಲ. ನಾಲ್ಕಿಂಚಿನ ಬ್ರಷ್ಷಿನಲ್ಲಿ ಎರಡು ಕೋಟು ಹೊಡೆದು ಚಹಾಕ್ಕೆ ಹೋಗುವ ಕೆಲಸ. "ನಮ್ಮ ಗೋದಾಮಿನ ಗೋಡೆ ಇದಕ್ಕಿಂತ ವಾಸಿ," ಎಂದೆ. ಮೆಲ್ಲಗೆ ಹೇಳಿದೆ ಎಂದುಕೊಂಡಿದ್ದೆ. ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿದಳು.

ನಾಟಕ ಮುಗಿದ ಮೇಲೆ ಅಣ್ಣ ಎಲ್ಲಿ ಎಂದು ನೋಡಿದರೆ ಆಸಾಮಿ ವೇದಿಕೆ ಹತ್ತಿದ್ದಾನೆ! ಗಡ್ಡದವನ ಕೈಯಿಂದ ಬ್ರಷ್ ಕಿತ್ತುಕೊಂಡು, "ನೀವಿದನ್ನ ಚಮಚದ ಹಾಗೆ ಹಿಡೀತೀರಿ," ಎನ್ನುತ್ತಿದ್ದ. "ಅದಿರಲಿ, ಕೆಲಸ ಆದಮೇಲೆ ಎಲ್ಲಿ ಒರೆಸ್ತೀರಿ?"

"ಒರೆಸೋದು ನಾಟಕದಲ್ಲಿ ಬರಲ್ಲ ಸಾರ್," ಎಂದ ಗಡ್ಡದವನು.

"ಒರೆಸದೆ ಇಟ್ರೆ ನಾಳೆಗೆ ಬ್ರಷ್ ಕಟ್ಟಿಗೆ ಆಗುತ್ತೆ. ನಿಮ್ಮ ಪೇಂಟರ್ ನಾಳೆ ಏನ್ಮಾಡ್ತಾನೆ?"

ನಾಚಿಕೆಯಿಂದ ನನ್ನ ಕಿವಿ ಕೆಂಪಾಯಿತು. ಮನೆಗೆ ಬರುವಾಗ ಅಣ್ಣ ತಾನಾಗಿಯೇ ಬಾಯಿಬಿಟ್ಟ. "ಆ ಬೂದಿ ಸರಿ ಇರಲಿಲ್ಲ."

"ಯಾವುದು? ಮೊದಲಿಂದೋ, ಆಮೇಲಿಂದೋ?"

"ಏಳೂ."

ಮಾರ್ಚ್ 9, ಭಾನುವಾರ

ಮಗಳು ಚಪ್ಪಾಳೆಯ ವಿಷಯ ಎತ್ತಿದಳು. ನಾನು ಪೇಪರ್ ಓದಿದೆ.

ಮಾರ್ಚ್ 13, ಗುರುವಾರ

ಅಣ್ಣ ಮೂರು ದಿನದಿಂದ ಸಂಜೆಯಾದರೆ ನಾಟಕದ ಹಾಲಿಗೆ ಹೋಗುತ್ತಿದ್ದಾನೆ. ಗಡ್ಡದವನಿಗೆ ಬ್ರಷ್ ಹಿಡಿಯಲು ಕಲಿಸುವುದಂತೆ. ನನ್ನ ಕೆಲಸದವರಿಗೆ ಕಲಿಸು ಎಂದರೆ ಇಷ್ಟು ವರ್ಷ, "ನೋಡಿ ಕಲೀಲಿ," ಎನ್ನುತ್ತಿದ್ದ.

ಇವತ್ತು ಮಗಳು ನಾಟಕದ ನಿರ್ದೇಶಕಿಯನ್ನು ಅಂಗಡಿಗೇ ಕರೆತಂದಳು. ಹೆಗಲಿಗೆ ಚೀಲ, ತಲೆಯಲ್ಲಿ ಎರಡು ಪೆನ್ಸಿಲು. ಹಿಂದಿನ ಕೋಣೆಗೆ ಕಾಲಿಟ್ಟವಳು ಗೋಡೆ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ಹತ್ತಿರ ಹೋದಳು, ದೂರ ಬಂದಳು, ಪಕ್ಕದಿಂದ ನೋಡಿದಳು, ಹದಿನೆಂಟು ಫೋಟೋ ತೆಗೆದಳು.

"ಸಾರ್, ಇದು ಕಲೆ! ನಮ್ಮ ನಾಟಕ ಕೇಳೋ ಪ್ರಶ್ನೆಗೆ ಉತ್ತರ ಇಲ್ಲೇ ಇದೆ!"

ನನಗೆ ತಲೆ ಚಿಟ್ಟು ಹಿಡಿಯಿತು. ಇದು ಕಲೆಯಾದರೆ ನನ್ನ ಗ್ಯಾರೇಜಿನ ನೆಲ ಏನು? ಆದರೆ ನನಗಿಂತ ಮೊದಲು ಸಿಟ್ಟಾದವನು ಅಣ್ಣ.

"ಅಲ್ಲಮ್ಮ. ಇದು ಬ್ರಷ್ ಒರೆಸಿದ್ದು."

"ನಲವತ್ತು ವರ್ಷ ಅಂದ್ರೆ ಸುಮ್ನೇನಾ ಸಾರ್? ಇದರಲ್ಲಿ ಒಂದು ಬದುಕೇ ಇದೆ."

"ಒರೆಸಿದ್ದನ್ನ ಹೊಗಳಬೇಡಿ. ಬರೆದದ್ದು ಊರಲ್ಲೆಲ್ಲಾ ಇತ್ತು. ಯಾರೂ ಹೀಗೆ ನಿಂತು ನೋಡಲಿಲ್ಲ. ಅದು ಹೋಯ್ತು, ಇದು ಉಳೀತು. ಇದಕ್ಕೆ ಫೋಟೋ ಬೇರೆ."

ಅವಳು ಫೋನು ಚೀಲಕ್ಕೆ ಹಾಕಿದಳು. ಆಮೇಲೆ ಮೆಲ್ಲಗೆ, ಕೊನೆಯ ಪ್ರದರ್ಶನಕ್ಕೆ ಆ ಕ್ಯಾನ್ವಾಸಿಗೆ ನೀವೇ ಬಣ್ಣ ಹಾಕಿಕೊಡ್ತೀರಾ ಎಂದು ಕೇಳಿದಳು. ಅಣ್ಣ ತನ್ನ ಉಗುರು ನೋಡಿಕೊಂಡ. "ಹಳೇದನ್ನ ಪೂರ್ತಿ ತೆಗೀಬೇಕು," ಎಂದ. ಒಪ್ಪಿದ ಎಂದು ಅರ್ಥ.

ಅವರು ಹೋದ ಮೇಲೆ ಕೇಳಿದೆ. "ಬರೀ ಒರೆಸಿದ್ದು ಅಂತ ನೀನೇ ಹೇಳ್ದೆ. ಮತ್ತೆ ಕೆರೆಸಿದರೆ ನಿನಗೇನು?"

"ನಾನು ಬೇಡ ಅಂದ್ನಾ?"

ಈ ಮನುಷ್ಯನ ಜೊತೆ ಮಾತಾಡುವ ಬದಲು ಆ ಗೋಡೆಗೇ ತಲೆ ಚಚ್ಚಿಕೊಳ್ಳುವುದು ಮೇಲು. ಮೊನಚು ಮೊನಚಾಗಿದೆ, ಬೇಗ ಮುಗಿಯುತ್ತದೆ.

ಮಾರ್ಚ್ 16, ಭಾನುವಾರ

ಅಂಗಡಿಗೆ ರಜಾ. ಅಣ್ಣ ಮಧ್ಯಾಹ್ನ ಕ್ಯಾನ್ವಾಸಿನ ಕೆಲಸಕ್ಕೆ ಹೋದ. ನಾನು ಕೆರೆಯುವ ತಗಡು ಹಿಡಿದು ಹಿಂದಿನ ಕೋಣೆಗೆ ಹೋದೆ. ಆಳುಗಳಿಗೆ ಹೇಳಿದರೆ ಅಣ್ಣನ ಮುಖ ನೋಡಿ ಹಿಂದೆ ಸರಿಯುತ್ತಾರೆ. ನಾನೇ ಕೆರೆದುಬಿಟ್ಟರೆ ಆದದ್ದು ಆಯಿತು, ಆಮೇಲೆ ಯಾರು ಏನು ಮಾಡುತ್ತಾರೆ?

ಕಿಟಕಿಯ ಪಕ್ಕದಿಂದ ಶುರುಮಾಡಿದೆ. ಬಣ್ಣ ಕೆಳಗೆ ಮೆತ್ತಗಿರುತ್ತದೆ ಎಂದುಕೊಂಡಿದ್ದೆ. ಇಲ್ಲ, ಹಲಗೆಯ ಹಾಗೆ ಗಟ್ಟಿ. ಮೇಲೆ ಔಷಧದ ಅಂಗಡಿಯ ಕೆಂಪು. ಅದರ ಕೆಳಗೆ ಸೈಕಲ್ ಅಂಗಡಿಯ ನೀಲಿ, ಆ ಸೈಕಲಿನವನು ಊರು ಬಿಟ್ಟೇ ಹದಿನೈದು ವರ್ಷ. ಅದರ ಕೆಳಗೆ ಕೆಡವಿಹಾಕಿದ ಚಿತ್ರಮಂದಿರದ ಹಳದಿ. ಆ ಬೋರ್ಡಿಗೆ ಏಣಿ ಹಿಡಿದು ನನ್ನ ಭುಜ ಇಳಿದುಹೋಗಿತ್ತು. ಲೆಕ್ಕ ಇಟ್ಟುಕೊಂಡು ಕೆರೆದೆ. ಮೂವತ್ತೊಂದನೆಯ ಪದರಕ್ಕೆ ಒಂದು ಹಸಿರು ಬಂತು.

ಆ ಹಸಿರನ್ನು ನಾನು ಬಲ್ಲೆ. ಯಾವ ಕಂಪನಿಯ ಪಟ್ಟಿಯಲ್ಲೂ ಅದು ಇಲ್ಲ. ಇರುವುದಕ್ಕೂ ಸಾಧ್ಯವಿಲ್ಲ, ಯಾಕೆಂದರೆ ಅದನ್ನು ಬೆರೆಸಿದವನು ನಾನು.

ಶಾಲೆಯೊಂದರ ನಲವತ್ತು ಬಾಗಿಲು. ಎಲೆಹಸಿರು ಬೇಕೆಂದಿದ್ದರು. ಅಣ್ಣ ಬೋರ್ಡಿನ ಅಕ್ಷರ ತಿದ್ದುತ್ತಿದ್ದ. ನಾನು ಅವನನ್ನು ಕೇಳದೆ ಡ್ರಮ್ಮಿನಲ್ಲಿ ಬೆರೆಸಿದೆ. ತಿಳಿಯಾಯಿತೆಂದು ಕರಿ ಹಾಕಿದೆ, ಕಪ್ಪಾಯಿತೆಂದು ಹಳದಿ ಹಾಕಿದೆ. ನಲವತ್ತು ಬಾಗಿಲೂ ಬಳಿದು, ಬ್ರಷ್ಷುಗಳನ್ನು ಈ ಗೋಡೆಗೆ ಒರೆಸಿದ್ದೂ ಆಯಿತು. ಬೆಳಿಗ್ಗೆ ಹೆಡ್‌ಮಾಸ್ತರರು ಬಂದು, "ಇದೇನು ಬಣ್ಣವೋ, ಕಾಯಿಲೆಯೋ? ಯಾರು ಬೆರೆಸಿದ್ದು ಇದನ್ನ?" ಎಂದು ಕೂಗಿದರು. ನನ್ನ ಕೈ ಮೊಣಕೈವರೆಗೆ ಹಸಿರು. ಅಣ್ಣ ನನ್ನ ಮುಂದೆ ಬಂದು ನಿಂತು, "ನಾನು ಸಾರ್. ಇವನಿಗೆ ಡಬ್ಬಿ ಮುಚ್ಚಳ ತೆಗೆಯೋಕೂ ಬರಲ್ಲ," ಎಂದ. ಆಮೇಲೆ ನಲವತ್ತು ಬಾಗಿಲನ್ನೂ ಒಬ್ಬನೇ ಉಜ್ಜಿ ಮತ್ತೆ ಬಳಿದ.

ನನಗೆ ಇಷ್ಟು ವರ್ಷ ನೆನಪಿದ್ದದ್ದು ಮುಚ್ಚಳದ ಮಾತು ಮಾತ್ರ.

ಕೈ ನೋಯುತ್ತಿತ್ತು, ನಿಲ್ಲಿಸಿದೆ. ಆದದ್ದು ಒಂದು ಗೇಣು ಚೌಕ. ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದೇನೆ. ಹಸಿರಿನ ಒಂದು ಚೂರು ಜೇಬಿನಲ್ಲಿತ್ತು, ಹೇಗೆ ಬಂತೋ.

ಮಾರ್ಚ್ 18, ಮಂಗಳವಾರ

ಯಂತ್ರದ ಕಂಪನಿಗೆ ಹೋಗಿದ್ದೆ. ಕೊಳ್ಳುವ ಮೊದಲು ಪರೀಕ್ಷಿಸುವುದು ವ್ಯಾಪಾರಿಯ ಧರ್ಮ. ಟೈ ಕಟ್ಟಿದವನೊಬ್ಬ ಎದುರುಗೊಂಡ. ಜೇಬಿನ ಚೂರು ಕೊಟ್ಟೆ. ಯಂತ್ರ ಕಣ್ಣು ಮಿಟುಕಿಸಿತು, ಗುರುಗುಟ್ಟಿತು, ಡಬ್ಬಿ ತುಂಬಿಸಿತು.

"ನೂರಕ್ಕೆ ನೂರು ಸಾರ್," ಎಂದ ಟೈ.

ನೋಡಿದೆ. "ಇದಲ್ಲ."

"ಅದೇ ಸಾರ್. ಮೆಷಿನ್ನೇ ಹೇಳ್ತಿದೆ."

"ದೀಪದ ಕೆಳಗೆ ಯಾಕ್ರೀ ನೋಡ್ತೀರಿ? ಕಿಟಕಿ ಹತ್ರ ಬನ್ನಿ. ಇದರೊಳಗೆ ಕರಿ ಇದೆ. ಮೊದಲು ಹಾಕಿದ ಕರಿ, ಆಮೇಲೆ ಹಳದಿ ಹಾಕಿ ಮುಚ್ಚಿದ್ದು. ನಿಮ್ಮದರಲ್ಲಿ ಮುಚ್ಚಿದ್ದು ಎಲ್ಲಿದೆ?"

ಐದು ಸಲ ಬೆರೆಸಿದ. ಐದೂ ಬರೀ ಹಸಿರು. ಆರನೆಯದಕ್ಕೆ ಟೈ ಸಡಿಲಿಸಿಕೊಂಡು, "ಸಾರ್, ಅದಕ್ಕೂ ಇದಕ್ಕೂ ನನಗಂತೂ ವ್ಯತ್ಯಾಸ ಕಾಣ್ತಿಲ್ಲ," ಎಂದ.

ಕಾಣದವರನ್ನು ಇಂಥ ಕೆಲಸಕ್ಕೆ ಯಾಕೆ ಇಡುತ್ತಾರೋ.

ಮಾರ್ಚ್ 19, ಬುಧವಾರ

ಅಣ್ಣ ಅಟ್ಟದಿಂದ ಪೆಟ್ಟಿಗೆ ಇಳಿಸಿದ. ಊಟದ ಹೊತ್ತಿನಲ್ಲಿ ತಟ್ಟೆಗಳದ್ದೇ ಸದ್ದು.

ಮಾರ್ಚ್ 22, ಶನಿವಾರ

ನಾಟಕದ ಕೊನೆಯ ಪ್ರದರ್ಶನ. ಅಣ್ಣನನ್ನು ಗಾಡಿಯಲ್ಲಿ ಬಿಟ್ಟು ಬರಲು ಹೋದವನು. ಹೊರಗೆ ನಿಲ್ಲಿಸಲು ನೆರಳಿರಲಿಲ್ಲ, ಒಳಗೆ ಕೂತೆ.

ಸಾಹುಕಾರನ ಪಾತ್ರದವನು ಈ ಸಲ ಅತಿ ಮಾಡಿದ. "ಎರಡೂ ಬೂದಿ!" ಎಂದು ಅರಚುವ ಅಗತ್ಯವೇನಿತ್ತು? ಕಣ್ಣಿಲ್ಲದಿದ್ದರೆ ಮೆಲ್ಲಗೆ ಹೇಳಬಹುದಲ್ಲ. ಗಡ್ಡದವನು ಬ್ರಷ್ಷನ್ನು ಈಗ ಸುಮಾರಾಗಿ ಹಿಡಿಯುತ್ತಾನೆ. ದೃಶ್ಯದ ಕೊನೆಗೆ ಮಾತಿಲ್ಲದೆ ಬ್ರಷ್ಷನ್ನು ವೇದಿಕೆಯ ಗೋಡೆಗೆ ಎಳೆದು ಒರೆಸಿದ. ಅದು ಮೊದಲು ಇರಲಿಲ್ಲ. ಇಡೀ ನಾಟಕದಲ್ಲಿ ಅವನು ಚಿತ್ರಕಾರನ ಹಾಗೆ ಕಂಡದ್ದು ಆಗಲೇ.

ಕ್ಯಾನ್ವಾಸು ತಿರುಗಿತು. ತುದಿಯಿಂದ ತುದಿಗೆ ಬೂದು. ಆದರೆ ಅಣ್ಣನ ಬೂದು. ಕೆಳಗಿನ ಮೂಲೆಯಿಂದ ನೋಡುತ್ತಾ ಹೋದರೆ ಎಲ್ಲೋ ಒಂದು ಕಡೆ ಬೆಳಗಾಗುತ್ತಿರುವ ಹಾಗೆ ಇತ್ತು, ಎಲ್ಲಿ ಎಂದು ಹುಡುಕಿದರೆ ಸಿಗುವುದಿಲ್ಲ. ಒಂದು ಕೋಟು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಹುಡುಕಿದೆ. ಈ ಕೆಲಸದಲ್ಲಿ ಮೂವತ್ತೇಳು ವರ್ಷ ಇದ್ದೇನೆ, ಸಿಗಲಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬ, "ಇದಕ್ಕಿಂತ ನಮ್ಮನೆ ಗೋಡೆ ಚೆನ್ನಾಗಿದೆ," ಎಂದ. ತಿರುಗಿ, "ಹಾಗಾದ್ರೆ ಮನೇಲೇ ಕೂತ್ಕೋಬೇಕಿತ್ತು, ಇಲ್ಲಿಗ್ಯಾಕೆ ಬಂದ್ರಿ?" ಎಂದೆ. ಜನರಿಗೆ ಸಭೆಯಲ್ಲಿ ಹೇಗೆ ಇರಬೇಕೆಂದು ಗೊತ್ತಿಲ್ಲ.

ಗಾಡಿಯಲ್ಲಿ ಕೇಳಿದೆ. "ಎಷ್ಟು ಕೋಟು?"

"ಒಂಬತ್ತು."

"ಬೂದಿಗೆ ಏನೇನು ಹಾಕಿದೆ?"

"ನಿನಗೆ ಯಾಕೆ? ಇನ್ನು ನಿನ್ನ ಮೆಷಿನ್ ಹೇಳುತ್ತಲ್ಲ." ಆಮೇಲೆ, "ಸೋಮವಾರ ಹತ್ತು ಗಂಟೆ ಬಸ್ಸು. ಟಿಕೆಟ್ ಆಗಿದೆ," ಎಂದ.

ಮಾರ್ಚ್ 23, ಭಾನುವಾರ

ಮುಂದಿನ ಕೋಣೆ ಅಳೆದೆ. ನನ್ನ ಮೇಜು, ಕುರ್ಚಿ, ಬೀರು ತೆಗೆದರೆ ಏಳು ಅಡಿ ಎರಡಿಂಚು.

ಮಾರ್ಚ್ 24, ಸೋಮವಾರ

ಎಂಟೂವರೆಗೆ ಯಂತ್ರ ಬಂತು. ಜೊತೆಗೆ ಟೈ ಕಟ್ಟಿದವನು. ಹಿಂದಿನ ಕೋಣೆಯ ಕಡೆಗೆ ಹೊರಟವರನ್ನು ತಡೆದು, ಮುಂದೆಯೇ ಇಡಿ ಎಂದೆ.

"ಹಿಂದೆ ಅಂದಿದ್ರಲ್ಲ ಸಾರ್? ಅಲ್ಲಿ ಪಾಯಿಂಟ್ ಕೂಡ ಹಾಕ್ಸಿದೀರಿ."

"ಅಲ್ಲಿ ಕರೆಂಟು ಸರಿಯಿಲ್ಲ."

"ನಾವೇ ಚೆಕ್ ಮಾಡಿದ್ವಿ ಸಾರ್, ಚೆನ್ನಾಗಿ..."

"ರೀ, ಅಂಗಡಿ ನಿಮ್ಮದೋ ನನ್ನದೋ?"

ನನ್ನ ಮೇಜು ಕುರ್ಚಿ ಹಿಂದಿನ ಕೋಣೆಗೆ ಹೋದವು. ಯಂತ್ರವನ್ನು ಗಿರಾಕಿ ಬಾಗಿಲಿನಿಂದಲೇ ನೋಡಬೇಕು, ಅದು ವ್ಯಾಪಾರದ ಲೆಕ್ಕ. ಬೇರೆ ಅರ್ಥ ಹಚ್ಚುವವರು ಹಚ್ಚಿಕೊಳ್ಳಲಿ. ಮನೆಯಿಂದ ಇವಳು ಆಗಲೇ ಫೋನಿನಲ್ಲಿ ನಗುತ್ತಿದ್ದಳು.

ಒಂಬತ್ತೂ ಕಾಲಿಗೆ ಅಣ್ಣ ಕೀಲಿಕೈ ಕೊಡಲು ಬಂದ. ಕೈಯಲ್ಲಿ ಪೆಟ್ಟಿಗೆ. ಯಂತ್ರ ನೋಡಿದ, ಗೋಡೆ ಇದ್ದ ಹಾಗೇ ಇರುವುದನ್ನು ನೋಡಿದ, ಅದರ ಮುಂದೆ ಮೇಜು ಹಾಕಿಕೊಂಡು ಕೂತ ನನ್ನನ್ನು ನೋಡಿದ. ನೇರವಾಗಿ ಹೋಗಿ ಕ್ಯಾಲೆಂಡರ್ ಎತ್ತಿದ.

"ಇದೇನು?"

"ತೇವಕ್ಕೆ ಉದುರಿದೆ."

"ತೇವ ಅಳತೆಪಟ್ಟಿ ಹಿಡ್ಕೊಂಡು ಬಂದಿತ್ತಾ?"

ನಾನು ಡೈರಿಯ ಹಾಳೆ ತಿರುಗಿಸಿದೆ. ಅವನು ಬೆರಳಿನಿಂದ ಅಂಚು ಸವರಿ, ಬಗ್ಗಿ ನೋಡಿದ. ಹಸಿರಿನ ಹತ್ತಿರ ಬೆರಳು ನಿಂತಿತು.

ಹೇಳಿಬಿಟ್ಟೆ. "ಅದು ನಾನು ಬೆರೆಸಿದ್ದು ಅಣ್ಣ. ಶಾಲೆ ಬಾಗಿಲಿಂದು."

"ಯಾವುದು, ಇದಾ? ನಾನು ಬೆರೆಸಿದ್ದು."

"ಅಣ್ಣ, ನನಗೆ ಗೊತ್ತಿಲ್ವಾ? ಕೇಳದೆ ಡ್ರಮ್ಮಿಗೆ ಕರಿ ಸುರಿದೋನು ನಾನು."

"ಹೆಡ್‌ಮಾಸ್ತರರ ಮುಂದೆ ಹೇಳಿ ಆಗಿದೆಯಲ್ಲೋ, ನಾನು ಅಂತ. ಆಗ ನಿನಗೆ ಡಬ್ಬಿ ಮುಚ್ಚಳ ತೆಗೆಯೋಕೂ ಬರ್ತಿರಲಿಲ್ಲ."

ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ನನ್ನ ಬಣ್ಣದ ಬಗ್ಗೆ ನನ್ನ ಮುಖಕ್ಕೇ ಸುಳ್ಳು ಹೇಳುವವನ ಜೊತೆ ಏನು ವಾದಿಸುವುದು? ಈ ಮನುಷ್ಯ ಇನ್ನೂ ಆ ಶಾಲೆಯ ಅಂಗಳದಲ್ಲಿ ನನ್ನ ಮುಂದೆಯೇ ನಿಂತಿದ್ದಾನೆ.

ಅಷ್ಟರಲ್ಲಿ ಮೊದಲ ಗಿರಾಕಿ ಬಂದ, ಹಳೆಯ ಮನೆಯ ಗೋಡೆಯ ಚೂರು ಹಿಡಿದುಕೊಂಡು. ಟೈ ಕಟ್ಟಿದವನು ಉತ್ಸಾಹದಿಂದ ಯಂತ್ರ ತಿರುಗಿಸಿ, ಡಬ್ಬಿ ತುಂಬಿಸಿ, "ನೂರಕ್ಕೆ ನೂರು," ಎಂದ. ನಾನು ಹಿಂದಿನಿಂದ ಕೂಗಿದೆ. "ಅಣ್ಣನಿಗೆ ತೋರಿಸಿ. ಅವನು ಹೂಂ ಅಂದ ಮೇಲೇ ಡಬ್ಬಿ ಈ ಅಂಗಡಿಯಿಂದ ಹೊರಗೆ ಹೋಗೋದು."

ಅಣ್ಣ ಗಡಿಯಾರ ನೋಡಿದ. ಒಂಬತ್ತೂ ನಲವತ್ತು. ಡಬ್ಬಿಯನ್ನು ಕಿಟಕಿಗೆ ತಂದ. "ಬಿಸಿಲಿಗೆ ಬಾಡಿದ್ದು ಇದರಲ್ಲಿ ಬಂದಿಲ್ಲ," ಎಂದು ಗೊಣಗಿ, ಚಿಟಿಕೆ ಕಂದು ಹಾಕಿದ, ಕಲಕಿದ, ಬ್ರಷ್ಷಿನಲ್ಲಿ ಎಳೆದು ನೋಡಿದ, ಇನ್ನೊಂದು ಚಿಟಿಕೆ ಹಾಕಿದ. ಹತ್ತೂ ಐದಕ್ಕೆ, "ಈಗ ಕೊಡಿ," ಎಂದ. ಬಸ್ಸಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪೆಟ್ಟಿಗೆ ನನ್ನ ಮೇಜಿನ ಕೆಳಗಿದೆ, ಕಾಲು ಚಾಚಲು ಜಾಗವಿಲ್ಲ.

ಬ್ರಷ್ಷಿನಲ್ಲಿ ಉಳಿದ ಬಣ್ಣವನ್ನು ಅಣ್ಣ ನಾನು ಕೆರೆದ ಚೌಕದೊಳಗೆ ಎಳೆದು ಒರೆಸಿದ. ಒಂದು ತೊಟ್ಟು ಈ ಪುಟದ ಮೇಲೆಯೇ ಬಿತ್ತು. ನೋಡಿ ಕೂರಬಾರದೇ ಎಂದು ಅವನು ನನ್ನನ್ನೇ ಗದರಿಸಿದ.

ಒರೆಸಿದ್ದು ಒಣಗಬೇಕಲ್ಲ, ಕ್ಯಾಲೆಂಡರನ್ನು ಬೇರೆ ಮೊಳೆಗೆ ಹಾಕಿದ್ದೇನೆ.